ಏಳನೆಯ ಮಹಡಿಯ ಚಿತ್ರಶಾಲೆ, ನಮ್ಮ ಅಟ್ಟದ ತೊಟ್ಟಿಲು

ಕೊಳೆರೋಗ, ಬೋರ್ಡೋ ದ್ರಾವಣ, ಚಾಲಿ ಅಡಿಕೆಯ ಧಾರಣೆ, ಕಾಫಿ ಗಿಡದ ಕಾಂಡಕೊರಕ, ಇವುಗಳ ನಡುವೆ ಚಿತ್ರಕಲೆಯ ಮಾತು ತರುವುದಕ್ಕೆ ನಮಗೆ ತುಸು ಸಂಕೋಚವೇ ಇತ್ತು. ಆದರೆ ಕಳೆದ ವಾರ್ಷಿಕ ಸಭೆಯಲ್ಲಿ ಈ ವಿಷಯವಾಗಿ ನಾವು ಎದ್ದು ನಿಂತಾಗ ಸಮಯವಿಲ್ಲವೆಂದು ಅಧ್ಯಕ್ಷರು ಕೂರಿಸಿದರು. ಸಭೆ ಮುಗಿದ ಮೇಲೆ ಊಟದ ಸಾಲಿನಲ್ಲಿ ಸಂಪಾದಕರು ಸಿಕ್ಕಿ, "ಹೇಳಬೇಕೆಂದಿದ್ದನ್ನು ಬರೆದು ಕೊಡಿ, ನಾಲ್ಕು ಪುಟ ಬಿಡುತ್ತೇನೆ" ಎಂದರು. ಹೀಗಾಗಿ ಈ ಲೇಖನ. ತೋಟದ ಕೆಲಸದಲ್ಲಿ ಬಿಡುವಿಲ್ಲದವರು ಮಳೆ ಹಿಡಿದ ದಿನ ಓದಿಕೊಂಡರೆ ಸಾಕು.

ನಮ್ಮೂರು ದೇವಿಕೊಪ್ಪ. ಕಲಘಟಗಿ ತಾಲೂಕು, ಧಾರವಾಡ ಜಿಲ್ಲೆ. ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಸೆರಗಿನಲ್ಲಿ ಕಾಡಿಗೆ ಒರಗಿಕೊಂಡಿರುವ ಹಳ್ಳಿ. ಇಲ್ಲಿ ಅಡಿಕೆ ಬೆಳೆಯುತ್ತೇವೆಂದರೆ ಶಿರಸಿ, ಯಲ್ಲಾಪುರದ ಕಡೆಯ ಸದಸ್ಯರು ಇಂದಿಗೂ ಮುಗುಳ್ನಗುತ್ತಾರೆ. ಕೊಳವೆ ಬಾವಿ ನಂಬಿ ಹಾಕಿದ ಎರಡು ಎಕರೆ ಅಡಿಕೆ, ಅದರ ನೆರಳಲ್ಲಿ ಪರೀಕ್ಷೆಗೆಂದು ನೆಟ್ಟ ನೂರಿಪ್ಪತ್ತು ರೋಬಸ್ಟಾ ಗಿಡ, ಉಳಿದಂತೆ ಭತ್ತ, ಗೋವಿನಜೋಳ. ಇದಿಷ್ಟು ನಮ್ಮ ಆಸ್ತಿ. ಇಂಥ ನಾವು ದಂಪತಿಗಳು ಜಪಾನ್ ದೇಶಕ್ಕೆ ಹೋದದ್ದು ಪ್ರವಾಸಕ್ಕಲ್ಲ, ಮಗಳ ಬಾಣಂತನಕ್ಕೆ. ಅಳಿಯನಿಗೆ ಅಲ್ಲಿ ಉದ್ಯೋಗ. ಕ್ಯೋತೊ ಎಂಬ ಹಳೆಯ ರಾಜಧಾನಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಚಳಿಗಾಲದ ಕೊನೆಯಲ್ಲಿ ಹೋಗಿ ಮೂರು ತಿಂಗಳು ಇದ್ದೆವು. ಮೆಂತ್ಯದ ಹಿಟ್ಟು, ಅಂಟಿನುಂಡಿ, ಒಣಕೊಬ್ಬರಿ ಎಲ್ಲ ಇಲ್ಲಿಂದಲೇ ಹೊತ್ತು ಹೋಗಿದ್ದೆವು. ತೊಟ್ಟಿಲೊಂದನ್ನು ಮಾತ್ರ ಒಯ್ದಿರಲಿಲ್ಲ. ಆ ಮಾತು ಮುಂದೆ ಬರುತ್ತದೆ.

ಕೂಸು ಹುಟ್ಟಿ ಮೂರು ವಾರವಾಗಿತ್ತು. ಅದಕ್ಕೊಂದು ಮಲಗುವ ಮಂಚ ಬೇಕೆಂದು ಅಳಿಯ ನಮ್ಮನ್ನು ಪೇಟೆಗೆ ಕರೆದೊಯ್ದ. ಪೇಟೆಯೆಂದರೆ ರೈಲು ನಿಲ್ದಾಣವೇ. ಕ್ಯೋತೊ ನಿಲ್ದಾಣದ ಈಗಿನ ಕಟ್ಟಡ ಮುಗಿದದ್ದು 1997ರಲ್ಲಿ. ಹಾರಾ ಹಿರೋಶಿ ಎಂಬ ವಾಸ್ತುಶಿಲ್ಪಿ ರಚಿಸಿದ್ದು. ಗಾಜು, ಉಕ್ಕು ಹಾಕಿ ಗುಡ್ಡ ಕಟ್ಟಿದ ಹಾಗಿದೆ. ಒಳಗೆ ಆಕಾಶಕ್ಕೆ ತೆರೆದಂತೆ 171 ಮೆಟ್ಟಿಲಿನ ಒಂದು ಮಹಾ ಸೋಪಾನ. ಆ ಮೆಟ್ಟಿಲಿಗೆ ಅಂಟಿಕೊಂಡೇ ಇಸೆತಾನ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರು. ನಮ್ಮ ಜನತಾ ಬಜಾರವನ್ನು ಹತ್ತು ಪಟ್ಟು ಹಿಗ್ಗಿಸಿ ಒಂದರ ಮೇಲೊಂದು ಪೇರಿಸಿದರೆ ಹೇಗೋ ಹಾಗೆ. ನೆಲಮಾಳಿಗೆಯಲ್ಲಿ ತಿಂಡಿ ತೀರ್ಥ, ಉಪ್ಪಿನಕಾಯಿ, ಚಹಾ. ಮೇಲೆ ಬಟ್ಟೆ, ಪಾತ್ರೆ, ಮಕ್ಕಳ ಸಾಮಾನು. ತುದಿಯಲ್ಲಿ ಊಟದ ಮನೆಗಳು.

ನೆಲಮಾಳಿಗೆಯಲ್ಲಿ ನಾವು ಬಹಳ ಹೊತ್ತು ಕಳೆದೆವೆಂದು ಒಪ್ಪಿಕೊಳ್ಳಬೇಕು. ಬೆಳೆಗಾರನ ಕಣ್ಣು ಮೊದಲು ಹೋಗುವುದು ಮಾಲಿನ ಮೇಲೆ, ಆಮೇಲೆ ದರದ ಚೀಟಿಯ ಮೇಲೆ. ಒಂದೊಂದೇ ಹಣ್ಣಿಗೆ ಒಂದೊಂದು ಪೆಟ್ಟಿಗೆ. ಕ್ಯೋತೊ ಸಮೀಪದ ಉಜಿ ಎಂಬ ಊರಿನ ಚಹಾ ಅಲ್ಲಿ ಬಹು ಹೆಸರುವಾಸಿ. ಕುಯ್ಲಿಗೆ ಮುಂಚೆ ಕೆಲವು ವಾರ ಗಿಡಗಳ ಮೇಲೆ ಜೊಂಡು ಹುಲ್ಲಿನ ಚಾಪೆಯನ್ನೋ ಕಪ್ಪು ಬಟ್ಟೆಯನ್ನೋ ಹೊದಿಸಿ ನೆರಳು ಮಾಡುತ್ತಾರೆ; ಎಲೆಯ ಒಗರು ಇಳಿದು ಸವಿ ಏರುತ್ತದೆ. ನೆರಳಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೆ ಆ ನೆರಳನ್ನೇ ಡಬ್ಬಿಯ ಮೇಲೆ ಬರೆದು ಮಾರುವ ಜಾಣ್ಮೆ ಅವರದು. ಕಾಫಿಯ ಕಪಾಟಿನಲ್ಲಿ ಬ್ರೆಜಿಲ್, ಕೊಲಂಬಿಯಾ, ಇಥಿಯೋಪಿಯಾ ಚೀಲಗಳಿದ್ದವು. ಕೊಡಗು, ಚಿಕ್ಕಮಗಳೂರಿನ ಹೆಸರು ಹುಡುಕಿದೆವು. ಆ ದಿನ ಕಾಣಲಿಲ್ಲ.

ಮಕ್ಕಳ ವಿಭಾಗದಲ್ಲಿ ಮಂಚಗಳ ಬೆಲೆ ಕೇಳಿ ಮಗಳ ಅತ್ತೆಮನೆಯವರಿಗೂ ನಮಗೂ ಒಮ್ಮೆಗೇ ಬೆವರು ಬಂತು. ಆ ದೇಶದಲ್ಲಿ ಕೂಸಿನ ಮಂಚ ಬಾಡಿಗೆಗೂ ಸಿಗುತ್ತದೆಯೆಂದು ಆಮೇಲೆ ತಿಳಿಯಿತು. ಹೇಗೂ ಮಗು ನಾಲ್ಕಾರು ತಿಂಗಳಿಗೆ ಅದನ್ನು ಮೀರಿ ಬೆಳೆಯುತ್ತದೆ. ಬಾಡಿಗೆಗೇ ತರೋಣವೆಂದು ತೀರ್ಮಾನವಾಗಿ ಹಿಂದಿರುಗುವಾಗ ಅಳಿಯ, "ಮಾವಾರ, ಏಳನೇ ಮಾಳಗ್ಯಾಗ ಚಿತ್ರಶಾಲೆ ಐತಿ, ನೋಡಿ ಹೋಗೂಣು" ಎಂದ. ಅಂಗಡಿಯೊಳಗೆ ಚಿತ್ರಶಾಲೆಯೆ? ಬಟ್ಟೆ ಮಾರುವ ಗೊಂಬೆಗಳ ಹಿಂದೆ ನಾಲ್ಕು ಪಟ ತೂಗುಹಾಕಿರಬಹುದು ಎಂದುಕೊಂಡೇ ಹೋದೆವು.

ಅದರ ಹೆಸರು 'ಎಕಿ'. ಅವರ ಭಾಷೆಯಲ್ಲಿ ನಿಲ್ದಾಣ ಎಂದರ್ಥ. ಕಟ್ಟಡದ ಜೊತೆಗೇ 1997ರಲ್ಲಿ ತೆರೆದದ್ದು. ದೊಡ್ಡದಲ್ಲ, ನಮ್ಮ ಸಂಘದ ಎರಡು ಗೋದಾಮು ಸೇರಿಸಿದಷ್ಟಿರಬಹುದು. ವರ್ಷವಿಡೀ ಒಂದಾದ ಮೇಲೊಂದು ಪ್ರದರ್ಶನ ಬರುತ್ತದೆ, ಹೋಗುತ್ತದೆ. ಸಾವಿರ ಯೆನ್ ಆಸುಪಾಸಿನ ಟಿಕೀಟು, ನಮ್ಮ ಲೆಕ್ಕದಲ್ಲಿ ಐದಾರು ನೂರು ರೂಪಾಯಿ. ಬಾಗಿಲು ದಾಟಿದೊಡನೆ ಅಂಗಡಿಯ ಗದ್ದಲ ನಿಂತುಹೋಯಿತು. ಕಂಬಳಿ ಹಾಸಿದ ನೆಲ, ಮಬ್ಬು ದೀಪ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕಾಯಿತು. ಕಾಗದದ ಮೇಲಿನ ಬಣ್ಣ ಬೆಳಕಿಗೆ ಕಂದುತ್ತದೆ, ಅದಕ್ಕೇ ಈ ಮಬ್ಬು. ಕೈಯಲ್ಲಿ ಅಂಗಡಿಯ ಚೀಲ ಹಿಡಿದ ಹೆಂಗಸರು, ಕಚೇರಿಯಿಂದ ಬಂದ ಗಂಡಸರು, ಬೆನ್ನು ಬಾಗಿದ ಮುದುಕಿಯರು. ಯಾರೂ ಪಿಸುಮಾತಿಗಿಂತ ಮೇಲೆ ದನಿ ಎತ್ತಲಿಲ್ಲ. ಬೆಂಗಳೂರಿನ ದೊಡ್ಡ ಚಿತ್ರಶಾಲೆಗಳಿಗೆ ಬರುವ ಜನ ಬೇರೆ, ಇಲ್ಲಿ ಬಂದ ಜನ ಬೇರೆ. ಇವರು ಚಿತ್ರ ನೋಡಲೆಂದೇ ಮನೆಯಿಂದ ಹೊರಟವರಂತೆ ಕಾಣಲಿಲ್ಲ; ಸಂತೆಗೆ ಬಂದವರು, ಹಾಗೇ ಮೇಲೆ ಬಂದಿದ್ದರು. ನಮ್ಮ ಹಾಗೆಯೇ.

ಆ ದಿನ ಇದ್ದದ್ದು ಮರದಚ್ಚಿನ ಚಿತ್ರಗಳು. ಹಿಮ ಬಿದ್ದ ದೇವಾಲಯದ ಬಾಗಿಲು, ಮಳೆಯಲ್ಲಿ ಸೇತುವೆ ದಾಟುವ ಒಬ್ಬನೇ ಮನುಷ್ಯ, ಗದ್ದೆಯ ಮೇಲಿನ ಸಂಜೆ. ಅರ್ಥ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಾಡುವ ಬಗೆಯನ್ನು ಹಂತ ಹಂತವಾಗಿ ಇಟ್ಟಿದ್ದರು. ಅಲ್ಲಿ ನಾವು ಅರ್ಧ ಗಂಟೆ ನಿಂತೆವು.

ಚಿತ್ರ ಬರೆಯುವವನು ಒಬ್ಬ, ಹಲಗೆ ಕೆತ್ತುವವನು ಇನ್ನೊಬ್ಬ, ಅಚ್ಚೊತ್ತುವವನು ಮತ್ತೊಬ್ಬ. ಕೆತ್ತಲು ಕಾಡು ಚೆರಿ ಮರದ ಗಟ್ಟಿ ಹಲಗೆ. ಚಿತ್ರ ಬರೆದ ತೆಳು ಕಾಗದವನ್ನು ಹಲಗೆಗೆ ಮಗುಚಿ ಅಂಟಿಸಿ ಗೆರೆ ಉಳಿಸಿ ಮಿಕ್ಕದ್ದನ್ನು ಕೆತ್ತಿ ತೆಗೆಯುತ್ತಾರೆ. ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಹತ್ತು ಹದಿನೈದು ಹಲಗೆಗಳ ಮೇಲೆ ಒಂದೇ ಕಾಗದ ಒಂದಾದ ಮೇಲೊಂದರಂತೆ ಕೂರಬೇಕು, ಕೂದಲೆಳೆ ಸರಿಯಬಾರದು. ಅದಕ್ಕೆ ಪ್ರತಿ ಹಲಗೆಯ ಮೂಲೆಯಲ್ಲೊಂದು, ಅಂಚಿನಲ್ಲೊಂದು ಸಣ್ಣ ಗುರುತು ಕೆತ್ತಿರುತ್ತಾರೆ, 'ಕೆಂತೊ' ಎನ್ನುತ್ತಾರೆ. ಕಾಗದದ ಮೂಲೆಯನ್ನು ಅಲ್ಲಿ ಕೂರಿಸಿದರೆ ಸಾಕು. ಯಂತ್ರವಿಲ್ಲ, ಅಂಗೈಯಗಲದ ಒಂದು ಬಿಲ್ಲೆಯಿಂದ ಹಿಂಬದಿಯನ್ನು ತಿಕ್ಕಿ ಬಣ್ಣ ಹತ್ತಿಸುತ್ತಾರೆ. ಆ ಬಿಲ್ಲೆಯ ಹೊದಿಕೆ ಯಾವುದೆಂದು ಬಗ್ಗಿ ನೋಡಿದರೆ ಬಿದಿರು ಕಳಲೆಯ ಹಾಳೆ! ನಮ್ಮ ಅಡಿಕೆ ಹಾಳೆಯ ಅಕ್ಕನೋ ತಂಗಿಯೋ ಅನ್ನಿ. ಕಾಗದವೂ ಗಿಡದ ತೊಗಟೆಯದು, 'ಕೋಝೊ' ಎಂಬ ಹಿಪ್ಪುನೇರಳೆ ಬಳಗದ ಪೊದೆಯ ನಾರು. ರೇಷ್ಮೆಗೆ ಸೊಪ್ಪು ಕೊಯ್ದು ಕಟ್ಟಿಗೆಯನ್ನು ಒಲೆಗೆ ಹಾಕುವ ನಮಗೆ ಇದು ಯೋಚಿಸತಕ್ಕ ವಿಷಯ. ಇರಲಿ.

ಇಷ್ಟು ಶ್ರಮದ ಈ ಚಿತ್ರಗಳು ಇನ್ನೂರು ವರ್ಷದ ಹಿಂದೆ ಅವರಲ್ಲಿ ಬೀದಿಯ ಸರಕು. ಅಂಗಡಿಯ ಮುಂದೆ ತೂಗುಹಾಕಿ ಅಗ್ಗದ ದರಕ್ಕೆ ಮಾರುತ್ತಿದ್ದರು. ನಟರ ಪಟ, ಊರೂರಿನ ನೋಟ, ಜನಕ್ಕೆ ಬೇಕಾದದ್ದು. ಕಾಲ ಕಳೆದಂತೆ ಸಾಮಾನು ಕಟ್ಟುವ ರದ್ದಿಯಾಗಿಯೂ ಹೋದವಂತೆ. ಈಗ ಗಾಜಿನೊಳಗೆ ಇವೆ. ಹೊರಗೆ ಬರುವಾಗ ಚಿತ್ರಶಾಲೆಯ ಪುಟ್ಟ ಅಂಗಡಿಯಲ್ಲಿ ಒಂದು ಅಂಚೆ ಕಾರ್ಡು ಕೊಂಡೆವು. ಹೊಕುಸಾಯ್ (1760-1849) ಎಂಬ ಮಹಾ ಚಿತ್ರಕಾರ ಫೂಜಿ ಪರ್ವತವನ್ನು ಹಲವು ಕಡೆಯಿಂದ ಬರೆದ ಮಾಲೆಯದು. ಎರಡು ಕಡೆ ದೊಡ್ಡ ಅಂಗಡಿಯ ಮಾಡು, ಅದರ ಮೇಲೆ ಹೆಂಚು ಹೊದಿಸುವ ಕೂಲಿಗಳು, ಕೆಳಗಿನವನು ಕಟ್ಟು ಎಸೆಯುತ್ತಿದ್ದಾನೆ, ಮೇಲಿನವನು ಹಿಡಿಯುತ್ತಿದ್ದಾನೆ. ನಡುವಿನ ಆಕಾಶದಲ್ಲಿ ಗಾಳಿಪಟ, ಹಿಂದೆ ಬೆಟ್ಟ. ಆ ಅಂಗಡಿ ಯಾವುದೆಂದು ಅಳಿಯ ಓದಿ ಹೇಳಿದ. ಮಿತ್ಸುಯಿ ಮನೆತನದ ಜವಳಿ ಅಂಗಡಿ. 'ನಗದು ವ್ಯಾಪಾರ, ಒಂದೇ ದರ' ಎಂದು ಅದರ ಫಲಕದಲ್ಲೇ ಬರೆದಿದೆ.

ಈ ಅಂಗಡಿಯ ಕಥೆಯನ್ನು ತುಸು ಬಿಡಿಸಿ ಹೇಳುವುದು ಒಳ್ಳೆಯದು, ಯಾಕೆಂದರೆ ಅಂಗಡಿಯೊಳಗೆ ಚಿತ್ರಶಾಲೆ ಬಂದ ಬಗೆ ಅದರಲ್ಲಿದೆ. 1673ರಲ್ಲಿ ಈಗಿನ ಟೋಕಿಯೋ ಪಟ್ಟಣದಲ್ಲಿ 'ಎಚಿಗೋಯ' ಎಂಬ ಹೆಸರಿನಿಂದ ತೆರೆದದ್ದು. ಅಲ್ಲಿಯವರೆಗೆ ಜವಳಿ ವ್ಯಾಪಾರವೆಂದರೆ ಸಾಹುಕಾರರ ಮನೆಗೆ ಹೊತ್ತು ಹೋಗಿ ಉದ್ದರಿ ಕೊಟ್ಟು, ಮುಖ ನೋಡಿ ದರ ಹೇಳುವುದು. ಇವರು ಎಲ್ಲರಿಗೂ ಒಂದೇ ದರ, ಕೈಯಲ್ಲಿ ಕಾಸು ಎಂದರು. ನಮ್ಮ ಹಿರಿಯರು ಸಹಕಾರಿ ಮಾರಾಟ ಸಂಘ ಕಟ್ಟಿದಾಗ ಹೇಳಿದ್ದೂ ಹೆಚ್ಚು ಕಡಿಮೆ ಇದೇ ತಾನೆ? 1904ರಲ್ಲಿ ಅದೇ ಅಂಗಡಿ ಮಿತ್ಸುಕೋಶಿ ಡಿಪಾರ್ಟ್‌ಮೆಂಟ್ ಸ್ಟೋರಾಯಿತು, 1907ರಲ್ಲಿ ಅಲ್ಲಿ ಚಿತ್ರಕಲೆಯ ವಿಭಾಗ ತೆರೆಯಿತು. ಕ್ಯೋತೊದಲ್ಲೂ 1831ರಲ್ಲಿ ಶುರುವಾದ ತಕಾಶಿಮಾಯ ಎಂಬ ಜವಳಿ ಅಂಗಡಿ ಇತ್ತು; ರೇಷ್ಮೆ ಬಟ್ಟೆಯ ವಿನ್ಯಾಸಕ್ಕೆ ಅವರು ಚಿತ್ರಕಾರರನ್ನೇ ಹಿಡಿದರು. ತಾಕೆಉಚಿ ಸೇಇಹೋ ಎಂಬ ಮುಂದೆ ಬಲು ದೊಡ್ಡವನಾದ ಕಲಾವಿದ ಎಳೆಯ ವಯಸ್ಸಿನಲ್ಲಿ ಈ ಅಂಗಡಿಗೆ ಚಿತ್ರ ಬರೆದುಕೊಡುತ್ತಿದ್ದ. ಸೀರೆ ಅಂಗಡಿಯವನು ಚಿತ್ರಕಾರನಿಗೆ ಅನ್ನ ಹಾಕಿದ. ಚಿತ್ರಕಾರ ಸೀರೆಗೆ ಬೆಲೆ ತಂದ. ಯುದ್ಧ ಮುಗಿದ ಮೇಲೆ ಸರಕಾರದ ಚಿತ್ರಶಾಲೆಗಳು ಸಾಲದೆ ಇದ್ದಾಗ ಪತ್ರಿಕೆಗಳವರೂ ಅಂಗಡಿಗಳವರೂ ಕೂಡಿ ಮಹಡಿಯ ಮೇಲೆ ಪ್ರದರ್ಶನ ಏರ್ಪಡಿಸಿದರು, ಜನ ಸಾಲುಗಟ್ಟಿ ನಿಂತರು.

ಇದರಲ್ಲಿ ಕಲೆಯ ಪ್ರೀತಿ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಸದಸ್ಯರು ಕೇಳಿಯಾರು. ಲೆಕ್ಕಾಚಾರ ಇದ್ದೇ ಇದೆ. ಚಿತ್ರಶಾಲೆಯನ್ನು ಯಾವತ್ತೂ ಮೇಲಿನ ಮಹಡಿಯಲ್ಲಿಡುತ್ತಾರೆ. ಜನ ಮೇಲಕ್ಕೆ ಹತ್ತಿದರೆ ಇಳಿಯುವಾಗ ಒಂದೊಂದು ಮಹಡಿಯಲ್ಲಿ ಒಂದೊಂದು ಕೊಳ್ಳುತ್ತಾರೆ. ಇದಕ್ಕೆ ಅಲ್ಲಿಯ ವ್ಯಾಪಾರಿಗಳು 'ಷವರ್' ಎಂದೇ ಹೆಸರಿಟ್ಟಿದ್ದಾರೆ, ಮೇಲಿನಿಂದ ಸುರಿಯುವ ಸ್ನಾನದ ನೀರು. ನಾವೂ ಇಳಿಯುವಾಗ ಎರಡು ಚಹಾ ಬಟ್ಟಲು ಕೊಂಡೆವು. ಆದರೂ ಲೆಕ್ಕವೊಂದೇ ಆಗಿದ್ದರೆ ಅಷ್ಟು ಜತನದಿಂದ ದೀಪ ತಗ್ಗಿಸುವ ಕಾರಣವಿರಲಿಲ್ಲ.

ಲೆಕ್ಕಕ್ಕೆ ಕಟ್ಟಿದ್ದು ಲೆಕ್ಕ ತಪ್ಪಿದಾಗ ಬಿದ್ದುಹೋಗುತ್ತದೆ ಎಂಬುದೂ ಅಲ್ಲಿ ಆಗಿದೆ. ಟೋಕಿಯೋದಲ್ಲಿ ಸೇಇಬು ಎಂಬ ಅಂಗಡಿಯ ಒಡೆಯ ತ್ಸುತ್ಸುಮಿ ಸೇಇಜಿ ಸ್ವತಃ ಕವಿ. 1975ರಲ್ಲಿ ಅಂಗಡಿಯ 12ನೆಯ ಮಹಡಿಯಲ್ಲಿ ಹೊಸ ಕಾಲದ ಕಲೆಗೆಂದೇ ಚಿತ್ರಶಾಲೆ ತೆರೆದ. ದೇಶವೇ ತಿರುಗಿ ನೋಡಿತು. ಆ ದೇಶದ ಹಣದ ಉಬ್ಬರ ಇಳಿದ ಮೇಲೆ 1999ರಲ್ಲಿ ಅದು ಮುಚ್ಚಿತು. ಇಸೆತಾನ್‌ನವರೇ ಟೋಕಿಯೋದ ತಮ್ಮ ದೊಡ್ಡ ಅಂಗಡಿಯಲ್ಲಿ 1979ರಲ್ಲಿ ತೆರೆದದ್ದು 2002ರಲ್ಲಿ ಮುಚ್ಚಿತು. ಯೋಕೋಹಾಮದಲ್ಲಿ ಸೋಗೊ ಅಂಗಡಿಯ 6ನೆಯ ಮಹಡಿಯಲ್ಲಿ 1985ರಲ್ಲಿ ತೆರೆದದ್ದು ಮಾತ್ರ, ಮೂಲ ಕಂಪನಿಯೇ 2000ದಲ್ಲಿ ದಿವಾಳಿಯಾದರೂ, ಉಳಿದುಕೊಂಡಿತು. ಧಾರಣೆ ಏರಿದಾಗ ಕಟ್ಟಿದ ಮನೆ, ಇಳಿದಾಗ ಮಾರಿದ ತೋಟ, ನಾವೂ ಕಂಡವರೇ.

ನಮ್ಮಲ್ಲಿ ಇಂಥದ್ದು ಇಲ್ಲವೆಂದು ಹೇಳಲು ಮನಸ್ಸು ಬಾರದು. ನಾವು ಹುಡುಗರಾಗಿದ್ದಾಗ ದೇವಿಕೊಪ್ಪದಲ್ಲಿ ಚಿತ್ರವೆಂದು ನೋಡಿದ್ದೆಲ್ಲ ಅಂಗಡಿಯಲ್ಲೇ. ದೀಪಾವಳಿ ಕಳೆದ ಮೇಲೆ ಗೊಬ್ಬರದ ಅಂಗಡಿಯಿಂದ, ಕಿರಾಣಿಯಿಂದ, ಅಡತಿಯಿಂದ ಬರುವ ಕ್ಯಾಲೆಂಡರುಗಳು. ವರ್ಷ ಮುಗಿದರೂ ಪಟ ಹರಿಯುತ್ತಿರಲಿಲ್ಲ. ತಾರೀಖು ಕತ್ತರಿಸಿ ಕಟ್ಟು ಹಾಕಿಸಿ ದೇವರ ಮನೆಗೆ. ಅಂಥ ಪಟಗಳ ಮಹಾ ಚಿತ್ರಕಾರ ಎಸ್. ಎಂ. ಪಂಡಿತರು ನಮ್ಮ ಕಲಬುರ್ಗಿಯವರು, 1916ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡರು. ಮುಂಬಯಿಗೆ ಹೋಗಿ ಸಿನಿಮಾ ಜಾಹೀರಾತು, ಕ್ಯಾಲೆಂಡರು ಬರೆದು ದೇಶದ ಗೋಡೆಗೋಡೆಗೂ ತಲುಪಿದರು. ಹೆಸರು ತಿಳಿಯದೆಯೇ ಅವರ ಚಿತ್ರಕ್ಕೆ ಊದುಬತ್ತಿ ಹಚ್ಚಿದ ಮನೆಗಳು ಎಷ್ಟಿರಬಹುದು! ಧಾರವಾಡದಲ್ಲಿ ಹಾಲಭಾವಿಯವರ ಚಿತ್ರಕಲಾ ಶಾಲೆ ಇತ್ತು, ಆದರೆ ಹತ್ತಿ ಗಾಡಿಯೊಡನೆ ಹೋದವರು ಆ ಬಾಗಿಲಿಗೆ ಯಾಕೆ ಹೋದಾರು? ಅಂಗಡಿಗೆ ಹೋಗುತ್ತಿದ್ದರು.

ಅಂಗಡಿಯಾದರೂ ನಮ್ಮದೇ ಇತ್ತು. ಅಂದಿನ ಧಾರವಾಡ ಜಿಲ್ಲೆಯದೇ ಆದ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಎಲ್ಲರಿಗೂ ಗೊತ್ತು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿತು. ಇಂದು ಅದರ ಸೂಪರ್ ಮಾರ್ಕೆಟ್ಟಿಗೆ ಹೋದರೆ ಸೂಜಿಯಿಂದ ಹಿಡಿದು ಪಂಪುಸೆಟ್ಟಿನವರೆಗೆ ಸಿಗುತ್ತದೆ. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ ಬೆಲೆ ಏರಿದಾಗ ದೆಹಲಿಯಲ್ಲಿ ಸೂಪರ್ ಬಜಾರ್ ತೆರೆದರು, ನಮ್ಮ ಪಟ್ಟಣಗಳಲ್ಲಿ ಜನತಾ ಬಜಾರಗಳು ಬಂದವು. ಬೇಳೆ, ಎಣ್ಣೆ, ಲಟ್ಟಾ ಬಟ್ಟೆ ನ್ಯಾಯದ ದರಕ್ಕೆ ಸಿಕ್ಕಿತು. ಆ ಕಾಲದಲ್ಲಿ ಅದೇ ದೊಡ್ಡ ಮಾತು. ಗೋಡೆಯ ಮೇಲೆ ಏನು ತೂಗಬೇಕೆಂದು ಯೋಚಿಸುವ ಪುರಸೊತ್ತು ಯಾರಿಗಿತ್ತು!

ಇನ್ನು ತೊಟ್ಟಿಲಿನ ವಿಷಯ. ಬರೆಯಬೇಕೆಂದು ಕುಳಿತದ್ದೇ ಇದನ್ನು, ಆದರೆ ಇಷ್ಟು ದೂರ ಮುಂದೂಡಿದೆವು.

ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ಭಾಗದಲ್ಲಿ ಹೇಳಬೇಕಾದ್ದಿಲ್ಲ, ದೂರದ ಸದಸ್ಯರಿಗಾಗಿ ಎರಡು ಮಾತು. ಸಾಗವಾನಿ ಕಟ್ಟಿಗೆಯದು. ನಾಲ್ಕೂ ಬದಿಯ ಹಲಗೆಗಳ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆಯ ಚಿತ್ರ. ಬಡಿಗನ ಕೆಲಸ ಬೇರೆ, ಚಿತ್ರಗಾರನ ಕೆಲಸ ಬೇರೆ. ಮುಗಿಯಲು ತಿಂಗಳುಗಟ್ಟಲೆ ಬೇಕು. ಬಣ್ಣ ತಲೆಮಾರುಗಳ ತನಕ ಮಾಸದು. ಇದನ್ನು ಮಾಡಬಲ್ಲ ಮನೆತನಗಳು ಈಗ ಬೆರಳೆಣಿಕೆಯಷ್ಟು. ಚೊಚ್ಚಲ ಬಾಣಂತಿ ಕೂಸಿನೊಡನೆ ಗಂಡನ ಮನೆಗೆ ಹೊರಟಾಗ ತವರಿನವರು ಕೊಟ್ಟು ಕಳಿಸುವುದು ಪದ್ಧತಿ. ನಮ್ಮ ಮನೆಯದು ನಮ್ಮ ಅಜ್ಜಿ ತವರಿನಿಂದ ತಂದದ್ದು. ಒಂದು ಬದಿ ಕೂಸನ್ನು ಬುಟ್ಟಿಯಲ್ಲಿ ಹೊತ್ತು ಹೊಳೆ ದಾಟುವ ವಸುದೇವ, ಎದುರು ಬದಿ ರಾಮನ ಪಟ್ಟಾಭಿಷೇಕ, ತಲೆಯ ಕಡೆ ಬೆಣ್ಣೆ ಕೃಷ್ಣ, ಕಾಲ ಕಡೆ ಗಿಳಿ, ನವಿಲು. ತೊಟ್ಟಿಲು ನಮ್ಮ ಮನೆಯಲ್ಲಷ್ಟೇ ನಿಲ್ಲಲಿಲ್ಲ; ಬಳಗದಲ್ಲಿ, ಓಣಿಯಲ್ಲಿ ಯಾರಿಗೆ ಕೂಸು ಹುಟ್ಟಿದರೂ ಕಡ ಹೋಗಿ ಬರುತ್ತಿತ್ತು. ಮರಳಿ ಬಂದಾಗ ಅಜ್ಜಿ ತಳದ ಹಲಗೆಯ ಅಡಿಯಲ್ಲಿ ಕುಡಗೋಲಿನ ತುದಿಯಿಂದ ಒಂದು ಗೆರೆ ಕೊರೆಯುತ್ತಿದ್ದಳು. ಒಂದು ಕೂಸಿಗೆ ಒಂದು ಗೆರೆ. ಉಳಿಯದೆ ಹೋದ ಕೂಸುಗಳ ಗೆರೆ ಅಡ್ಡಕ್ಕೆ. ಅವ್ವನೂ ಹಾಗೇ ಮಾಡಿದಳು. ಎಲ್ಲ ಸೇರಿ ಇಪ್ಪತ್ತೆರಡು, ಅದರಲ್ಲಿ ಅಡ್ಡ ಗೆರೆ ಐದು.

ಕಳೆದ ಇಪ್ಪತ್ತು ವರ್ಷದಿಂದ ಅದು ಅಟ್ಟದ ಮೇಲೆ ಗೋಣಿತಟ್ಟಿನ ಕೆಳಗಿತ್ತು. ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಹಳ್ಳಿ ಹಳ್ಳಿ ತಿರುಗುತ್ತ ಬಂದ. ಕೊಳವೆ ಬಾವಿ ಬತ್ತಿ ಇನ್ನೊಂದು ಕೊರೆಸಲೇಬೇಕಾದ ವರ್ಷವದು. ಅವನು ಹೇಳಿದ ಬೆಲೆ ಕೇಳಿ ನಮಗೆ ಅದು ಹೆಚ್ಚೆಂದೇ ತೋರಿತು. ಮುಂಗಡ ಇಸಿದುಕೊಂಡೆವು. ಜಪಾನಿಗೆ ಹೊರಡುವ ಗಡಿಬಿಡಿಯಲ್ಲಿ, ತಮ್ಮನಿಗೆ ಹೇಳಿದೆವು, ಬಂದರೆ ಕೊಟ್ಟು ಬಾಕಿ ಹಣ ತೆಗೆದುಕೊ ಎಂದು. ಮಗಳಿಗೆ ಹೇಳಿರಲಿಲ್ಲ.

ಚಿತ್ರಶಾಲೆ ನೋಡಿ ಮನೆಗೆ ಬಂದ ಸಂಜೆ ಅವಳಿಗೆ ಆ ಮರದ ಹಲಗೆ, ಬಣ್ಣ, ಗುರುತು ಎಲ್ಲ ವಿವರಿಸಿ ಹೇಳುತ್ತಿದ್ದೆವು. ಅವಳು ಕೂಸಿಗೆ ಹಾಲು ಕುಡಿಸುತ್ತ, "ನಮ್ಮ ತೊಟ್ಟಲಾನೂ ಹಂಗ ಅಲ್ಲೇನಪ್ಪಾ? ಮುಂದಿನ ವರ್ಷ ಊರಿಗೆ ಬಂದಾಗ ಇವನ್ನ ಒಂದಿನಾ ಅದರಾಗ ಮಲಗಸೂಣು. ಅಮ್ಮ ಗೆರಿ ಕೊರೀಲಿ" ಎಂದಳು. ನಾವು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೇಳದೆ ವಿಧಿಯಿರಲಿಲ್ಲ, ಹೇಳಿದೆವು. ಅವಳು ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು.

ಆ ರಾತ್ರಿಯೇ ತಮ್ಮನಿಗೆ ಫೋನು ಮಾಡಿದೆವು. ನಾಲ್ಕು ದಿನದ ಹಿಂದೆ ಒಯ್ದಿದ್ದರು. ಊರಿಗೆ ಮರಳಿದವರು ಮುಂಗಡದ ಎರಡು ಪಟ್ಟು ಕಟ್ಟಿಕೊಂಡು ವ್ಯಾಪಾರಿಯನ್ನು ಹುಡುಕಿ ಹೋದೆವು. ತೊಟ್ಟಿಲು ಇರಲಿಲ್ಲ. ಇಡಿಯಾಗಿ ಕೊಳ್ಳುವವರು ಸಿಕ್ಕುವುದಿಲ್ಲವೆಂದು ಬಿಚ್ಚಿ, ಒಂದೊಂದು ಬದಿಯನ್ನು ಗೋಡೆಗೆ ತೂಗುವ ಪಟದಂತೆ ಮಾರಿಬಿಟ್ಟಿದ್ದ. ಅವನ ಮೇಲೆ ಸಿಟ್ಟು ಮಾಡುವ ಹಕ್ಕು ನಮಗಿಲ್ಲ, ಮಾರಿದವರು ನಾವು. ಬೆಂಗಳೂರಿನ ಒಂದು ದೊಡ್ಡ ಪೀಠೋಪಕರಣದ ಅಂಗಡಿಯಲ್ಲಿ ಒಂದು ತುಂಡು ಇದೆಯೆಂದು ಅವನೇ ಹೇಳಿದ. ಅಲ್ಲಿಗೆ ಹೋದೆವು. ಮೆತ್ತೆಯ ಕುರ್ಚಿಗಳ ಹಿಂದಿನ ಗೋಡೆಯಲ್ಲಿ, ಹಳದಿ ದೀಪದ ಕೆಳಗೆ, ನಮ್ಮ ವಸುದೇವ ಹೊಳೆ ದಾಟುತ್ತಿದ್ದ. ಪಕ್ಕದಲ್ಲಿ ದರದ ಚೀಟಿ. ನಾವು ಇಡೀ ತೊಟ್ಟಿಲಿಗೆ ಪಡೆದದ್ದರ ಮೂರು ಪಟ್ಟಿಗಿಂತ ಹೆಚ್ಚು. ಯಾವ ಊರಿನದು, ಯಾರದು ಎಂಬುದು ಚೀಟಿಯಲ್ಲಿರಲಿಲ್ಲ. 'ಪುರಾತನ ಕೆತ್ತನೆ' ಎಂದಷ್ಟೇ ಇತ್ತು. ಅದು ಕೆತ್ತನೆಯಲ್ಲ, ಬಣ್ಣದ ಕೆಲಸ. ಅಷ್ಟನ್ನೂ ತಪ್ಪು ಬರೆದಿದ್ದರು.

ಆ ವರ್ಷದ ಕೆಂಪಡಿಕೆಯ ಹಣದಲ್ಲಿ ಅದೊಂದು ಬದಿಯನ್ನು ಬಿಡಿಸಿಕೊಂಡು ಬಂದೆವು. ರಾಮನ ಪಟ್ಟಾಭಿಷೇಕ ಯಾರ ಮನೆಯಲ್ಲಿದೆಯೋ ಪತ್ತೆಯಿಲ್ಲ. ಬೆಣ್ಣೆ ಕೃಷ್ಣನೂ ಹಾಗೆಯೇ.

ಮನೆಗೆ ಬಂದು ಅಟ್ಟ ಹತ್ತಿದಾಗ ಗೋಣಿತಟ್ಟಿನ ಕೆಳಗೆ ತಳದ ಹಲಗೆ ಕಂಡಿತು. "ಇದರಾಗ ಚಿತ್ರಿಲ್ಲ, ಬ್ಯಾಡ" ಎಂದು ಒಯ್ಯಲು ಬಂದವರು ಬಿಟ್ಟುಹೋಗಿದ್ದರಂತೆ. ಇಪ್ಪತ್ತೆರಡು ಗೆರೆಯೂ ಹಾಗೇ ಇದ್ದವು.

ಇನ್ನು ಸಂಘದ ವಿಷಯ. ನಮ್ಮ ಹೊಸ ಮಾರಾಟ ಮಳಿಗೆಯ ಮಹಡಿಯಲ್ಲಿ ಮೂಲೆಯ ಒಂದು ಕೋಣೆ ಖಾಲಿಯಿದೆ. ಅದನ್ನು ಬಾಡಿಗೆಗೆ ಕೊಡುವ ಬದಲು ನಮ್ಮ ಭಾಗದ ಕೈಗೆಲಸಕ್ಕೆ ಮೀಸಲಿಡಬಾರದೇಕೆ ಎಂದು ನಾವು ಆಡಳಿತ ಮಂಡಳಿಗೆ ಅರ್ಜಿ ಕೊಟ್ಟೆವು. ತೊಟ್ಟಿಲ ಹಲಗೆ, ಬಣ್ಣದ ಮಣೆ, ಕೌದಿ, ಕಸೂತಿ ಕುಬಸ, ಹಳೆಯ ಅಡಕತ್ತರಿ, ಗಾಳಿಸುವ ಮೊರ, ಹೀಗೆ. ಮಂಡಳಿಯಲ್ಲಿ ಮೂರು ಆಕ್ಷೇಪ ಬಂದವು. ಬಾಡಿಗೆ ನಷ್ಟವಾಗುತ್ತದೆ ಎಂಬುದು ಮೊದಲನೆಯದು, ಅದು ನಿಜ. ಕಳವಾದರೆ ಹೊಣೆ ಯಾರು ಎಂಬುದು ಎರಡನೆಯದು, ಅದೂ ನಿಜ. ಹಳೆಯ ಸಾಮಾನು ನೋಡಲು ಯಾರು ಮಹಡಿ ಹತ್ತುತ್ತಾರೆ ಎಂಬುದು ಮೂರನೆಯದು. ಇದಕ್ಕೆ ಮಾತ್ರ ನಾವು ಏಳನೆಯ ಮಹಡಿಯ ಮಾತು ಹೇಳಿದೆವು. ಒಬ್ಬ ಸದಸ್ಯರು, "ಜಪಾನದವರಿಗೆ ಲಿಫ್ಟ್ ಐತ್ರಿ" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಕೊನೆಗೆ ಒಂದು ವರ್ಷದ ಮಟ್ಟಿಗೆ ನೋಡೋಣವೆಂದು ನಿರ್ಣಯವಾಗಿದೆ. ಕೋಣೆ ಪೂರಾ ಅಲ್ಲ, ಮೆಟ್ಟಿಲಿಗೆ ತಾಗಿದ ಗೋಡೆ ಮತ್ತು ಎರಡು ಗಾಜಿನ ಕಪಾಟು. ಮಿಕ್ಕ ಭಾಗದಲ್ಲಿ ಸದ್ಯಕ್ಕೆ ಖಾಲಿ ಗೋಣಿಚೀಲ ಇರುತ್ತವೆ.

ಗೋಡೆಗೆ ಬಿಸಿಲು ನೇರ ಬೀಳದಂತೆ ಕಿಟಕಿಗೆ ತಟ್ಟಿ ಕಟ್ಟಿಸಿದ್ದೇವೆ. ವಸುದೇವನ ಹಲಗೆಯನ್ನೂ ತಳದ ಹಲಗೆಯನ್ನೂ ಅಕ್ಕಪಕ್ಕ ತೂಗುಹಾಕಿದ್ದೇವೆ. ಚೀಟಿಯಲ್ಲಿ ಊರು, ಯಾರ ತವರಿನದು, ಬಣ್ಣ ಯಾವುದು ಎಲ್ಲ ಬರೆದಿದೆ. ಸಂತೆಯ ದಿನ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ನೋಡಬಹುದು, ದರ ಇಲ್ಲ. ತಮ್ಮ ಮನೆಯಲ್ಲಿ ಇಂಥ ಸಾಮಾನಿದ್ದವರು ಸಂಘಕ್ಕೆ ಕೊಡಬೇಕಾಗಿಲ್ಲ. ಆರು ತಿಂಗಳ ಮಟ್ಟಿಗೆ ಕಡ ಇಟ್ಟು ರಸೀತಿ ಪಡೆದು ಒಯ್ಯಬಹುದು. ಇಷ್ಟರವರೆಗೆ ಒಂದು ಕೌದಿ, ಎರಡು ಅಡಕತ್ತರಿ ಬಂದಿವೆ. ಮಾರುವ ಯೋಚನೆಯಲ್ಲಿರುವವರು ಕೊಡುವ ಮೊದಲು ಒಮ್ಮೆ ನಮ್ಮನ್ನು ಕಂಡರೆ ಉಪಕಾರ. ಮಗಳು ಕೂಸಿನೊಡನೆ ಬರುವ ದೀಪಾವಳಿಗೆ ಬರುತ್ತಾಳೆ. ಆ ಒಂದು ದಿನ ತಳದ ಹಲಗೆಯನ್ನು ಗೋಡೆಯಿಂದ ಇಳಿಸಿ ಮನೆಗೆ ಒಯ್ಯಲು ಕಾರ್ಯದರ್ಶಿಗಳಿಂದ ಅನುಮತಿ ಪಡೆದಿದ್ದೇವೆ.